ಕುಂಬಳೆಯ ತಾರಸಿಯಲ್ಲಿ ಯುಗಾದಿ ಚಂದ್ರ

ಕುಂಬಳೆ, 23 ಮಾರ್ಚ್ 2023, ಗುರುವಾರ

ಈಗ ರಾತ್ರಿ ಹತ್ತು ಗಂಟೆ. ನಾಳೆಯೂ ಪರೀಕ್ಷೆ ಡ್ಯೂಟಿ ಇದೆ, ಬೇಗ ಮಲಗಬೇಕು. ಆದರೆ ಇದನ್ನು ಬರೆಯದೆ ನಿದ್ದೆ ಬರುವುದಿಲ್ಲ.

ನಿನ್ನೆ ಯುಗಾದಿ. ಶೋಭಕೃತ್ ಸಂವತ್ಸರ ಶುರುವಾಯಿತು. ಮಂಡ್ಯದ ನಮ್ಮ ಹಳ್ಳಿಯಲ್ಲಿ ಅಮ್ಮ ಎಣ್ಣೆನೀರು ಹಾಕಿ, ತೋರಣ ಕಟ್ಟಿ, ಒಬ್ಬಟ್ಟಿನ ಸಾರಿಗೆ ಒಗ್ಗರಣೆ ಕೊಡುವ ಹೊತ್ತಿಗೆ ನಾನಿಲ್ಲಿ ಪ್ರಶ್ನೆಪತ್ರಿಕೆ ಹಂಚುತ್ತಿದ್ದೆ. ಕುಂಬಳೆ ಇರುವುದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಇಲ್ಲಿ ಯುಗಾದಿಗೆ ರಜೆ ಇಲ್ಲ. ಮಾರ್ಚ್ ಅಂದರೆ ವರ್ಷದ ಕೊನೆಯ ಪರೀಕ್ಷೆಯ ತಿಂಗಳು ಬೇರೆ.

ನಮ್ಮದು ಕನ್ನಡ ಮಾಧ್ಯಮದ ಶಾಲೆ. ಮಕ್ಕಳು ಕನ್ನಡ ಓದುತ್ತಾರೆ, ಮನೆಯಲ್ಲಿ ತುಳು, ಮಲಯಾಳ, ಹವಿಗನ್ನಡ, ಕೊಂಕಣಿ ಮಾತಾಡುತ್ತಾರೆ. ಪರೀಕ್ಷೆ ಮುಗಿದ ಮೇಲೆ ಹೊಸ ವರ್ಷದ ಶುಭಾಶಯ ಹೇಳಿದೆ. ಒಬ್ಬಳು ತಕ್ಷಣ ಕೇಳಿದಳು, "ಟೀಚರ್, ಹೊಸ ವರ್ಷ ಬಿಸುವಿಗೆ ಅಲ್ವಾ?"

ಅವಳು ಹೇಳಿದ್ದು ಸರಿ. ಇಲ್ಲಿ ಹೆಚ್ಚಿನ ಮನೆಗಳಲ್ಲಿ ವರ್ಷ ಹುಟ್ಟುವುದು ಏಪ್ರಿಲ್ ಮಧ್ಯದಲ್ಲಿ, ಸೂರ್ಯ ಮೇಷ ರಾಶಿಗೆ ಬಂದಾಗ. ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಕನ್ನಡಿ, ಚಿನ್ನ ಇಟ್ಟು ಬೆಳಗಾಗೆದ್ದು ಮೊದಲು ಅದನ್ನೇ ನೋಡುತ್ತಾರೆ. ಅದಕ್ಕೆ ಕಣಿ ಅನ್ನುತ್ತಾರೆ. ಇದು 1956ರಲ್ಲಿ ಕೇರಳಕ್ಕೂ ಕನ್ನಡನಾಡಿಗೂ ನಡುವೆ ಗಡಿ ಎಳೆದದ್ದರಿಂದ ಬಂದ ವ್ಯತ್ಯಾಸ ಅಲ್ಲ. ಆ ಕಡೆ ಮಂಗಳೂರಿನಲ್ಲೂ, ಉಡುಪಿಯಲ್ಲೂ ಬಿಸು ಹೀಗೇ. ನಮ್ಮ ಲೆಕ್ಕ ಚಂದ್ರನದ್ದು, ಇವರದ್ದು ಸೂರ್ಯನದ್ದು. ಭಾಷೆ ಒಂದೇ ಆದರೂ ಹೊಸ ವರ್ಷ ಬೇರೆ. ಇಲ್ಲಿಗೆ ಬಂದ ಮೊದಲ ವರ್ಷ ಇದು ನನಗೆ ತುಂಬಾ ಒಂಟಿ ಅನ್ನಿಸಿತ್ತು.

ಬೇವಿನ ವಿಷಯ ಹೇಳಲೇಬೇಕು. ಮಂಗಳವಾರವೇ ಬಿಸಿಯೂಟ ಮಾಡುವ ಅಕ್ಕನ ಹತ್ತಿರ, "ನಾಳೆಗೆ ಒಂದಿಷ್ಟು ಬೇವಿನ ಸೊಪ್ಪು ಬೇಕಿತ್ತು ಅಕ್ಕ" ಅಂದಿದ್ದೆ. "ಅದಕ್ಕೆಂಥ ಟೀಚರ್, ನಮ್ಮ ಹಿತ್ತಿಲಲ್ಲೇ ಉಂಟು" ಅಂದರು. ನಿನ್ನೆ ಬೆಳಿಗ್ಗೆ ದೊಡ್ಡ ಕಟ್ಟು ತಂದುಕೊಟ್ಟರು. ಘಮಘಮ ಕರಿಬೇವು! ಇಲ್ಲಿ ಬೇವಿನ ಸೊಪ್ಪು ಅಂದರೆ ಒಗ್ಗರಣೆಗೆ ಹಾಕುವ ಸೊಪ್ಪು. ನಮ್ಮ ಬೇವಿಗೆ ಕಹಿಬೇವು ಅನ್ನಬೇಕು. ನಮ್ಮೂರಲ್ಲಿ ಬೀದಿಗೊಂದು ಬೇವಿನ ಮರ, ಇಲ್ಲಿ ಹುಡುಕಬೇಕು. ಆ ಅಕ್ಕ ಮಧ್ಯಾಹ್ನ ಪಾತ್ರೆ ತೊಳೆದಿಟ್ಟು, ಯಾರದೋ ಅಂಗಳಕ್ಕೆ ಹೋಗಿ ಕೇಳಿ, ಸಂಜೆ ಶಾಲೆ ಬಿಡುವ ಮೊದಲು ಕಹಿಬೇವಿನ ಒಂದು ಟೊಂಗೆ ತಂದರು. ಅದರಲ್ಲಿ ಬಿಳಿ ಹೂವೂ ಇತ್ತು. ಸ್ಟಾಫ್ ರೂಮಿನಲ್ಲೇ ಬೆಲ್ಲ ಸೇರಿಸಿ ಎಲ್ಲರಿಗೂ ಕೊಟ್ಟೆ. ಮೊದಲ ಚಿಟಿಕೆ ಅವರಿಗೇ.

ಮನೆಗೆ ಬಂದು ಒಬ್ಬಟ್ಟು ಮಾಡಿದೆ. ಕೆಳಗಿನ ಮನೆಯ ಉಮ್ಮನಿಗೆ ಕೊಡಲು ಹೋದರೆ ಅವರು ಅಂಗಳದಲ್ಲಿ ನಿಂತು ಪಡುವಣ ಆಕಾಶ ನೋಡುತ್ತಿದ್ದರು. ನಾನೂ ಪಕ್ಕದಲ್ಲಿ ನಿಂತೆ. ಯುಗಾದಿ ಸಂಜೆ ನಮ್ಮಲ್ಲೂ ಚಂದ್ರನನ್ನು ಹುಡುಕುತ್ತೇವೆ. ಅಂದು ಕಾಣದಿದ್ದರೆ ಮಾರನೇ ದಿನ ನೋಡಿಯೇ ನೋಡುತ್ತೇವೆ. ಉಮ್ಮ ಹುಡುಕುತ್ತಿದ್ದದ್ದು ರಂಜಾನಿನ ಚಂದ್ರ. ನಾನು ಹುಡುಕುತ್ತಿದ್ದದ್ದು ಚೈತ್ರದ ಚಂದ್ರ. ಇಬ್ಬರಿಗೂ ಬೇಕಾದದ್ದು ಅದೇ ಒಂದು ಎಳೆ! ಇಷ್ಟು ವರ್ಷ ಇದು ನನಗೆ ಹೊಳೆದೇ ಇರಲಿಲ್ಲ.

ನಮ್ಮ ಅಂಗಳದಿಂದ ನಿನ್ನೆ ಕಾಣಲಿಲ್ಲ. ಬೇರೆ ಕಡೆ ಕಂಡಿತಂತೆ. ರಾತ್ರಿಗೆ ಸುದ್ದಿ ಬಂತು, ಕೇರಳದಲ್ಲಿ ಇವತ್ತಿನಿಂದ ನೋಂಬು. ನಮ್ಮ ಮಂಡ್ಯದಲ್ಲಿ ನಾಳೆಯಿಂದ ಉಪವಾಸ ಅಂತ ತಂಗಿ ಫೋನಿನಲ್ಲಿ ಹೇಳಿದಳು.

ಇವತ್ತು ಸಂಜೆ ಉಮ್ಮ ನೋಂಬು ಬಿಡುವ ಹೊತ್ತಿಗೆ ನನ್ನನ್ನೂ ಕರೆದರು. ಖರ್ಜೂರ, ತುಪ್ಪದಲ್ಲಿ ಈರುಳ್ಳಿ ಹುರಿದು ಹಾಕಿದ ರವೆಯ ತರಿಗಂಜಿ, ಅಕ್ಕಿರೊಟ್ಟಿಯಂಥ ಪತ್ತಿರಿ, ಕೋಳಿ ಸಾರು. ಯುಗಾದಿಯ ಮಾರನೇ ದಿನ ನಮ್ಮಲ್ಲಿ ಹೊಸತೊಡಕು. ಮನೆಮನೆಯಲ್ಲೂ ಬಾಡೂಟ. ನನಗೆ ಈ ವರ್ಷದ ಹೊಸತೊಡಕು ಉಮ್ಮನ ಮನೆಯಲ್ಲಾಯಿತು. ಅದನ್ನು ಹೇಳಿದಾಗ ಅವರು ಇನ್ನೆರಡು ತುಂಡು ಬಡಿಸಿದರು.

ಆಮೇಲೆ ತಾರಸಿಗೆ ಹೋದೆವು. ಮೊಣಕಾಲು ನೋವು ಅಂತ ಉಮ್ಮ ಮೆಟ್ಟಿಲು ಹತ್ತುವುದೇ ಕಡಿಮೆ. ಇವತ್ತು ಕೈ ಹಿಡಿದು ಹತ್ತಿದರು. ಕಡಲ ಕಡೆ, ತೆಂಗಿನ ಗರಿಗಳ ಮೇಲೆ, ಉಗುರಿನಷ್ಟು ಚಂದ್ರ. ಮೇಲೆ ಶುಕ್ರ ಹೊಳೆಯುತ್ತಿದ್ದ. ಕೆಳಗೆ ಗುರು, ಮುಳುಗಲು ಹೊರಟಿದ್ದ. ಮೂರೂ ಒಂದೇ ಸಾಲಿನಲ್ಲಿ ಪೋಣಿಸಿಟ್ಟ ಹಾಗೆ. ಉಮ್ಮ ಎರಡೂ ಕೈ ತೆರೆದು ಮೆಲ್ಲಗೆ ಏನೋ ಹೇಳಿಕೊಂಡರು. ನಾನು ಕೈ ಮುಗಿದೆ.

ಚಂದ್ರನನ್ನು ನೋಡಿದ ಮೇಲೆ ಮನೆಯ ಹಿರಿಯರ ಕಾಲಿಗೆ ಬೀಳಬೇಕು. ನಾನು ಸುಮ್ನೆ ಅಭ್ಯಾಸಬಲದಿಂದ ಬಗ್ಗಿದೆ. ಉಮ್ಮ ಅರ್ಧದಲ್ಲೇ ನನ್ನ ಕೈ ಹಿಡಿದು ಎತ್ತಿದರು. "ಬೇಡ ಮೋಳೇ, ಬೇಡ" ಅಂದು ತಲೆ ಸವರಿದರು. ಆ ಕೈಯಲ್ಲಿ ತುಪ್ಪದ ವಾಸನೆ ಇತ್ತು, ಅಮ್ಮನ ಕೈಯ ಹಾಗೇ.

ಕೆಳಗಿಳಿಯುವಾಗ ಕೇಳಿದರು, "ನಿನ್ನೆಯ ಹೋಳಿಗೆ ಇನ್ನು ಉಂಟಾ ಟೀಚರೇ?"

ನಾಲ್ಕು ಉಳಿದಿತ್ತು. ನಾಳೆ ಬೆಳಗಿನ ಜಾವ, ನೋಂಬು ಹಿಡಿಯುವ ಮೊದಲು ಬಿಸಿ ಮಾಡಿ ತಿನ್ನುತ್ತಾರಂತೆ. ತುಪ್ಪ ಹಾಕಿ ಕೊಟ್ಟು ಬಂದೆ.