ಕಾರವಾರದ ಹವೆಯಲ್ಲಿ ಮಾಡೆಲ್ ಕಾರಿಗೆ ಬಣ್ಣ ನಿಲ್ಲುತ್ತಾ?

ಎಷ್ಟೋ ವರ್ಷ ಬಿಟ್ಟಿದ್ದ ಮಾಡೆಲ್ ಕಾರಿನ ಹವ್ಯಾಸಕ್ಕೆ ನಾನು ಮರಳಿದ್ದೇನೆ ಅಂತ ಗೊತ್ತಾದವರೆಲ್ಲ ಕೇಳುವುದು ಇದನ್ನೇ: "ಈ ಹವೆಯಲ್ಲಿ ಬಣ್ಣ ನಿಲ್ಲುತ್ತಾ?" ಕೇಳುವುದು ಸಹಜ. ನಮ್ಮೂರಲ್ಲಿ ಗೇಟಿಗೆ ಹೊಡೆಸಿದ ಪೇಂಟ್ ಬೇಗ ಏಳುತ್ತದೆ, ಮಳೆಗಾಲದಲ್ಲಿ ಕಪಾಟಿನೊಳಗಿನ ಬೆಲ್ಟಿಗೂ ಬೂಷ್ಟು ಬರುತ್ತದೆ. ಕೇಳುವವರಲ್ಲಿ ಕೆಲವರು ಚಿಕ್ಕವರಿದ್ದಾಗ ಕಿಟ್, ಅಂದರೆ ಬಿಡಿ ಭಾಗಗಳಾಗಿ ಬರುವ ಮಾಡೆಲ್, ಅಂಟಿಸಿದವರು. ಮತ್ತೆ ಶುರು ಮಾಡುವ ಆಸೆ ಅವರಿಗೂ ಇದೆ. ಈ ಉತ್ತರ ಮುಖ್ಯವಾಗಿ ಅವರಿಗೆ.

ನಿಲ್ಲುತ್ತದೆ. ಚೆನ್ನಾಗಿಯೇ ನಿಲ್ಲುತ್ತದೆ. ಆದರೆ ಯಾವ ಕೆಲಸ ಯಾವ ತಿಂಗಳಲ್ಲಿ ಅನ್ನುವುದನ್ನು ಮಳೆಗೆ ಬಿಡಬೇಕು.

ಕಿಟ್ ಪ್ಲಾಸ್ಟಿಕ್ಕಿನದು, ತುಕ್ಕಿನ ಮಾತಿಲ್ಲ. ತೊಂದರೆ ಇರುವುದು ಬಣ್ಣ ಒಣಗುವ ಮೊದಲ ಕೆಲವು ನಿಮಿಷಗಳಲ್ಲಿ. ಲ್ಯಾಕರ್ ಅನ್ನುವ ಬೇಗ ಒಣಗುವ ಬಣ್ಣವನ್ನು ತೆಳುಮಾಡುವ ದ್ರವ, ಅಂದರೆ ಥಿನ್ನರ್, ಬಹಳ ಬೇಗ ಆವಿಯಾಗುತ್ತದೆ. ಆಗ ಬಣ್ಣದ ಮೈ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಅದು ನೀರಾಗಿ ಹಸಿ ಬಣ್ಣದ ಮೇಲೆ ಕೂರುತ್ತದೆ. ಮಿಂಚಬೇಕಾದ ಕೆಂಪು ಬಾನೆಟ್ ಮಬ್ಬು ಬಿಳುಪಿಗೆ ತಿರುಗುತ್ತದೆ. ಗ್ಯಾರೇಜಿನಲ್ಲಿ ದೊಡ್ಡ ಕಾರಿಗೆ ಪೇಂಟ್ ಹೊಡೆಯುವವರನ್ನು ಕೇಳಿ, ಅವರಿಗೂ ಇದು ಗೊತ್ತು. ಯುದ್ಧದ ಟ್ಯಾಂಕಿನ ಮಾಡೆಲ್ ಆದರೆ ಸ್ವಲ್ಪ ಮಬ್ಬಾದರೂ ನಡೆಯುತ್ತದೆ. ಕಾರಿಗೆ ಹೊಳಪೇ ಜೀವ, ಅಲ್ವಾ?

ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಕಾರಿನ ಬಾಡಿ ಮೇಲೆ ಸ್ಪ್ರೇ ಮಾಡುವುದಿಲ್ಲ. ಅದೇನು ಸುಮ್ನೆ ಕೂರುವ ಕಾಲ ಅಲ್ಲ. ಭಾಗಗಳನ್ನು ಚೌಕಟ್ಟಿನಿಂದ ಕತ್ತರಿಸುವುದು, ಅಚ್ಚಿನ ಗೆರೆಗಳನ್ನು ಉಜ್ಜುವುದು, ಎಂಜಿನ್ ಜೋಡಿಸುವುದು, ಸೀಟಿಗೂ ಡ್ಯಾಶ್‌ಬೋರ್ಡಿಗೂ ನೀರಲ್ಲಿ ಕಲಸುವ ಅಕ್ರಿಲಿಕ್ ಬಣ್ಣವನ್ನು ಬ್ರಷ್‌ನಲ್ಲಿ ಹಚ್ಚುವುದು, ಎಲ್ಲ ಆಗಲೇ. ಈ ಬಣ್ಣ ಮಳೆಗಾಲದಲ್ಲಿ ನಿಧಾನ ಒಣಗುತ್ತದೆ, ಅಷ್ಟೇ. ಬಾಡಿಯನ್ನು 600, 1000 ನಂಬರಿನ ವಾಟರ್ ಪೇಪರ್‌ನಲ್ಲಿ ನೀರು ಹಾಕಿ ಉಜ್ಜುತ್ತಾ ಕೂತರೆ ಇಡೀ ಸಂಜೆ ಕಳೆಯುತ್ತದೆ. ಬೆರಳಿನ ತುದಿಗೆ ಗೆರೆ ಸಿಗುವುದು ನಿಂತಾಗ ಆಗುವ ಸಂತೋಷವೇ ಬೇರೆ. ನನ್ನನ್ನು ಈ ಹವ್ಯಾಸಕ್ಕೆ ಮತ್ತೆ ಎಳೆದದ್ದು ಈ ಉಜ್ಜುವ ಕೆಲಸವೇ.

ದೀಪಾವಳಿ ಕಳೆದು ಮಳೆ ಪೂರ್ತಿ ಬಿಟ್ಟ ಮೇಲೆ ಬಾಡಿಯ ಸರದಿ. ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು, ಒಣಗಿಸಿ, ಆಮೇಲೆ ಬರಿಗೈ ತಾಗಿಸದೆ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲು ಹೊಡೆಯುವ ಅಡಿ ಕೋಟ್. ಕೆಂಪು, ಹಳದಿಗೆ ಬಿಳಿ ಪ್ರೈಮರ್ ಒಳ್ಳೆಯದು, ಬೂದು ಬಣ್ಣದ ಮೇಲೆ ಅವು ಮಂಕಾಗುತ್ತವೆ. ತೇವ ತೋರಿಸುವ ಚಿಕ್ಕ ಮೀಟರ್ ಒಂದು ಮೇಜಿನ ಮೇಲಿರಲಿ. 60 ಶೇಕಡಾ ಆಸುಪಾಸು ಇದ್ದರೆ ನಾನು ಶುರು ಮಾಡುತ್ತೇನೆ, 70 ದಾಟಿದರೆ ಡಬ್ಬಿ ಮುಟ್ಟುವುದಿಲ್ಲ. ಬೆಳಗಿನ ಇಬ್ಬನಿ ಆರಿ, ಕಡಲ ಗಾಳಿ ಏಳುವುದಕ್ಕೆ ಮೊದಲಿನ ಹೊತ್ತು ನನಗೆ ಅನುಕೂಲ.

ಕೋಟ್ ತೆಳ್ಳಗಿರಲಿ. ಮಾರುತಿ 800 ಸುಮಾರು 3.3 ಮೀಟರ್ ಉದ್ದ, 1/24 ಅಳತೆಯಲ್ಲಿ ಅದು 14 ಸೆಂಟಿಮೀಟರ್ ಕೂಡ ಆಗುವುದಿಲ್ಲ. ಅಷ್ಟು ಚಿಕ್ಕ ಮೈ ಮೇಲೆ ದಪ್ಪ ಬಣ್ಣ ಬಿದ್ದರೆ ಬಾಗಿಲಿನ ಗೆರೆಯೇ ಮುಚ್ಚಿಹೋಗುತ್ತದೆ. ಏರ್‌ಬ್ರಷ್, ಅಂದರೆ ಕಂಪ್ರೆಸರ್ ಗಾಳಿಯಿಂದ ಬಣ್ಣ ಸಿಂಪಡಿಸುವ ಚಿಕ್ಕ ಗನ್, ಇರುವವರು ಪೈಪಿಗೆ ನೀರು ಹಿಡಿಯುವ ಫಿಲ್ಟರ್ ಹಾಕಲೇಬೇಕು. ಕಂಪ್ರೆಸರ್ ಗಾಳಿಯನ್ನು ಒತ್ತಿದಾಗ ಅದರ ತೇವ ನೀರಾಗಿ ಬಂದು ಬಾಡಿ ಮೇಲೆ ಹನಿ ಉಗುಳುತ್ತದೆ.

ಒಣಗಿತೋ ಇಲ್ಲವೋ ತಿಳಿಯಲು ಮೂಗು ಸಾಕು. ಹಲಸಿನ ಹಪ್ಪಳದ ಹಾಗೆ ಬಣ್ಣವೂ ಮೇಲೆ ಒಣಗಿ ಒಳಗೆ ಹಸಿ ಇರುತ್ತದೆ. ಹತ್ತಿರ ಹಿಡಿದರೆ ಥಿನ್ನರ್ ವಾಸನೆ ಬರುತ್ತಿದೆಯೇ? ಹಾಗಾದರೆ ಪಾಲಿಶ್‌ಗೆ ಇನ್ನೂ ಸಮಯ ಇದೆ. ಬಾಡಿಯನ್ನು ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಳದ ಡಬ್ಬಿಯಲ್ಲಿಡಿ. ಧೂಳೂ ಕೂರುವುದಿಲ್ಲ. ಪೊಟ್ಟಣಗಳು ಬಣ್ಣಕ್ಕೆ ತಾಗದಿರಲಿ.

ಮತ್ತೆ ಶುರು ಮಾಡುವವರು ಮೊದಲ ದಿನವೇ ಏರ್‌ಬ್ರಷ್ ಕೊಳ್ಳಬೇಕಾಗಿಲ್ಲ. ಒಂದು ಕಿಟ್, ಒಳ್ಳೆಯ ಕಟರ್, ವಾಟರ್ ಪೇಪರ್, ಪ್ಲಾಸ್ಟಿಕ್‌ಗೆ ಆಗುವ ಸ್ಪ್ರೇ ಡಬ್ಬಿ ಸಾಕು. ಜೊತೆಗೆ ಒಂದಿಷ್ಟು ಪ್ಲಾಸ್ಟಿಕ್ ಚಮಚ ತನ್ನಿ. ಅದರ ಉಬ್ಬು ಬಾನೆಟ್‌ನ ಉಬ್ಬಿಗೆ ಹತ್ತಿರ ಇರುತ್ತದೆ. ಮೊದಲು ಚಮಚಕ್ಕೆ ಹೊಡೆದು ನೋಡಿ, ಬಿಳಿಚಿಕೊಂಡರೆ ಬಾಡಿಯನ್ನು ಆ ದಿನ ಹೊರತೆಗೆಯಬೇಡಿ.