ಬಿಚ್ಚಿದ ಕುರ್ಚಿ ಎಲ್ಲಿಡೋದು?

ಮಂಗಳವಾರದಿಂದ ಒಂದೇ ಮಾತು ತಲೆ ಕೊರೀತಿದೆ. "ಬಿಚ್ಚಿದ ಕುರ್ಚಿ ಎಲ್ಲಿಡೋದು ಸಾರ್?"

ಕೇಳಿದವರು ಹಳೇ ಸಭಾಂಗಣವನ್ನು ವರ್ಷಗಟ್ಟಲೆ ನೋಡಿಕೊಂಡು ಬಂದ ಯಜಮಾನರು. ಹೊಸ ಕಟ್ಟಡದ ನಕ್ಷೆ ಅವರ ಮುಂದೆ ಹರಡಿದ್ದೆವು. ದೊಡ್ಡ ಸಮಾರಂಭವಿದ್ದರೆ ಸಾಲು ಸಾಲು ಆಸನ. ಇಲ್ಲದ ದಿನ ಖಾಲಿ ನೆಲ, ಅಲ್ಲಿ ಮಕ್ಕಳ ಆಟ, ಬೆಳಗಿನ ವ್ಯಾಯಾಮ. ನಾನು ಹುಮ್ಮಸ್ಸಿನಲ್ಲಿ ಲಂಡನ್ನಿನ ಕಥೆ ಬಿಟ್ಟೆ. 2012ರ ಒಲಿಂಪಿಕ್ಸ್‌ಗೆ ಜಹಾ ಹದೀದ್ ವಿನ್ಯಾಸದ ಈಜುಕೊಳದ ಎರಡೂ ಪಕ್ಕ ರೆಕ್ಕೆಯಂಥ ತಾತ್ಕಾಲಿಕ ಆಸನಸಾಲು ಜೋಡಿಸಿ 17,500 ಜನ ಕೂರುವ ಹಾಗೆ ಮಾಡಿದ್ದು, ಆಮೇಲೆ ರೆಕ್ಕೆ ಕಳಚಿ 2014ರಲ್ಲಿ ಜನರ ಬಳಕೆಗೆ ತೆರೆದದ್ದು.

ಯಜಮಾನರು ತಲೆದೂಗಿದರು. ಕನ್ನಡಕ ಹಣೆಗೇರಿಸಿ, ನಕ್ಷೆಯ ಮೇಲೆ ಬೆರಳನ್ನು ಬಾಗಿಲಿಂದ ಬಾಗಿಲಿಗೆ ಎಳೆದು, ನಿಲ್ಲಿಸಿದರು. ಬಿಚ್ಚಿದ ಕುರ್ಚಿ ಎಲ್ಲಿಡೋದು ಸಾರ್?

ಉಗ್ರಾಣ ಮೊದಲು ಇತ್ತು. ನಮ್ಮ ತಂಡದ ಹಿರಿಯರು ಲಾಬಿ ವಿಶಾಲವಾಗಲಿ ಅಂತ ಅದನ್ನು ನುಂಗಿಹಾಕಿದ್ದರು. (ಅವರಿಗೆ ಲಾಬಿ ಅಂದ್ರೆ ಪ್ರಾಣ. ಫೋಟೋ ತೆಗೆಯೋದು ಅಲ್ಲೇ ತಾನೇ!) ಅವರು ಸೋಲೊಪ್ಪದೆ, "ದೋಹಾದಲ್ಲಿ '974' ಅನ್ನೋ ಹೆಸರಿನ ಕ್ರೀಡಾಂಗಣ ಇದೆ ನೋಡಿ, ಹಡಗಿನ 974 ಕಂಟೇನರ್ ಬಳಸಿ ಕಟ್ಟಿದ್ದು, ಇಡೀ ಕಟ್ಟಡವನ್ನೇ ಬಿಚ್ಚಿ ಒಯ್ಯಬಹುದು" ಅಂದರು.

"ಒಂದ್ಸಲ ಬಿಚ್ಚೋದು ಬೇರೆ ಸಾರ್, ವಾರಕ್ಕೆರಡು ಸಲ ಬಿಚ್ಚಿ ಜೋಡಿಸೋದು ಬೇರೆ. ರಾತ್ರಿ ಹನ್ನೊಂದಕ್ಕೆ ಪ್ರೋಗ್ರಾಂ ಮುಗಿಯುತ್ತೆ, ಬೆಳಿಗ್ಗೆ ಆರಕ್ಕೆ ವ್ಯಾಯಾಮದವರು ಬಾಗಿಲು ಬಡೀತಾರೆ. ಮಧ್ಯೆ ಇರೋದು ನಾನು, ಇನ್ನಿಬ್ಬರು."

ನನ್ನ ಲಂಡನ್ ಅಲ್ಲೇ ಉದುರಿತು. ಆ ರೆಕ್ಕೆ ಕಳಚಿದ್ದು ಒಂದೇ ಸಲ. ಅದೇ ಕಟ್ಟಡದಲ್ಲಿ ಕೊಳದ ತಳವನ್ನೇ ಏರಿಸಿ ಇಳಿಸಬಹುದು. ಕಲಿಯುವ ಮಕ್ಕಳಿಗೆ ಆಳ ಕಮ್ಮಿ, ಸ್ಪರ್ಧಿಗಳಿಗೆ ಜಾಸ್ತಿ. ನಾನು ಹೇಳಬೇಕಿದ್ದದ್ದು ಅದನ್ನು. ರೆಕ್ಕೆ ಕಣ್ಣಿಗೆ ಹೊಡೆಯುತ್ತೆ, ತಳ ನೀರಿನಡಿ ಇರುತ್ತೆ. ನಾವೆಲ್ಲ ರೆಕ್ಕೆಗೇ ಮರುಳು.

ಗೋಡೆಯೊಳಗೆ ಮಡಚಿಕೊಳ್ಳೋ ಮೆಟ್ಟಿಲಾಸನ ಹಾಕ್ತೀವಲ್ಲ ಅಂತ ಸಮಾಧಾನ ಹೇಳಿಕೊಂಡೆ. ಆದರೆ ನೆಲದ ಮೇಲಿನ ಬಿಡಿ ಕುರ್ಚಿಗಳು ಹೋಗಬೇಕಿರೋದು ಟ್ರಾಲಿ ಮೇಲೆ. ಅವುಗಳ ಜೊತೆ ಮೇಜು, ವೇದಿಕೆಯ ಹಲಗೆ, ಧ್ವನಿಪೆಟ್ಟಿಗೆ.

ನಿನ್ನೆ ರಾತ್ರಿ ಕೂತು ಉಗ್ರಾಣ ಮತ್ತೆ ಬರೆದೆ, ವೇದಿಕೆಯ ಪಕ್ಕದಲ್ಲೇ, ಹೊಸ್ತಿಲಿಲ್ಲದ ಹಾಗೆ. ಲಾಬಿ ಮೂರನೇ ಒಂದು ಭಾಗ ಕರಗಿತು. ಹಿರಿಯರಿಗೆ ಇನ್ನೂ ತೋರಿಸಿಲ್ಲ. ಯಜಮಾನರಿಗೆ ಬೆಳಿಗ್ಗೆಯೇ ತೋರಿಸಿದೆ. ಜೇಬಿಂದ ಟೇಪು ತೆಗೆದು ತಮ್ಮ ಹಳೇ ಟ್ರಾಲಿ ಅಳೆದು, "ಬಾಗಿಲು ಇನ್ನೊಂದು ಗೇಣು ಅಗಲ ಮಾಡಿ" ಅಂದರು.