ಚಳಿಗಾಲದ ಊಟಿ ದಾರಿ, ಕೈಕೂಸಿನ ಡೈಪರ್

ಚಳಿಗಾಲದಲ್ಲಿ ಕೈಕೂಸನ್ನು ಎತ್ತಿಕೊಂಡು ಮೈಸೂರಿಂದ ಊಟಿಗೆ ಹೊರಡುವವರು ಸ್ವೆಟರ್, ಹಾಲು, ರೂಮು ಎಲ್ಲಾ ಯೋಚಿಸಿರುತ್ತಾರೆ. ಡೈಪರ್ ಎಲ್ಲಿ ಬದಲಾಯಿಸೋದು ಅನ್ನೋದು ಮಾತ್ರ ತಲೆಗೆ ಬಂದಿರುವುದಿಲ್ಲ. ನಾವು ಜನವರಿಯಲ್ಲಿ ಐದು ತಿಂಗಳ ಮಗನ ಜೊತೆ ಹೋಗಿದ್ದೆವು, ಅತ್ತೆಯವರೂ ಇದ್ದರು. ನನ್ನ ಪ್ರಕಾರ ಜಾಗವನ್ನು ಮಗು ಅಲ್ಲ, ದಾರಿ ನೋಡಿ ನಾವೇ ಆರಿಸಬೇಕು.

ಯಾಕೆಂದರೆ ಗುಂಡ್ಲುಪೇಟೆ ದಾಟಿದ ಮೇಲೆ ಬಂಡೀಪುರ, ಅದು ಮುಗಿಯುತ್ತಿದ್ದ ಹಾಗೆ ಮುದುಮಲೆ. ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ದಂಡ ಹಾಕುತ್ತಾರೆ, ಆನೆ ಬಂದರೆ ಅದು ಬೇರೆ ಕಥೆ. ಜೊತೆಗೆ 2024ರ ಮೇ ತಿಂಗಳಲ್ಲಿ ನೀಲಗಿರಿಗೆ ಹೋಗುವ ಗಾಡಿಗಳಿಗೆ ಇ-ಪಾಸ್ ತಂದಿದ್ದಾರೆ, ಚೆಕ್‌ಪೋಸ್ಟಿನಲ್ಲಿ ಸಾಲು ಉದ್ದ ಇದ್ದರೆ ಸುಮ್ನೆ ಕೂತಿರಬೇಕಾಗುತ್ತದೆ. ಹಾಗಾಗಿ ಡೈಪರ್ ಇನ್ನೂ ಪೂರ್ತಿ ಒದ್ದೆಯಾಗಿರದಿದ್ದರೂ ಪರವಾಗಿಲ್ಲ, ಗುಂಡ್ಲುಪೇಟೆಯ ಹೋಟೆಲಿನಲ್ಲಿ ತಿಂಡಿ ತಿನ್ನುವಾಗಲೇ ಹೊಸದು ಹಾಕಿಬಿಡಿ. ಮುಂದಿನದು ಗೂಡಲೂರಿನಲ್ಲಿ. ಅಲ್ಲಿಂದ ನಡುವಟ್ಟಂ ಘಾಟಿ ಹತ್ತುತ್ತಾ ಹೋದ ಹಾಗೆ ಚಳಿ ಶುರುವಾಗುತ್ತದೆ. ಕಿವಿ ಕಟ್ಟದಿರಲಿ ಅಂತ ಘಾಟಿ ಹತ್ತುವಾಗ ನಡುನಡುವೆ ಸುರಕ್ಷಿತವಾದ ಕಡೆ ನಿಂತು ಹಾಲು ಕೊಡುವುದು ಒಳ್ಳೆಯದು. ಹಾಲು ಕುಡಿದ ಮಗು ಕಕ್ಕ ಮಾಡುತ್ತದೆ, ಅದೂ ಲೆಕ್ಕದಲ್ಲಿರಲಿ.

ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ, ದೊಡ್ಡಬೆಟ್ಟ 2,637. ಡಿಸೆಂಬರ್, ಜನವರಿಯ ಬೆಳಗ್ಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ. ದೊಡ್ಡಬೆಟ್ಟದ ಮೇಲೆ ಗಾಳಿ ಬೇರೆ. ಅಲ್ಲಿ ಬೆಂಚಿನ ಮೇಲೆ ಮಗುವನ್ನು ಮಲಗಿಸಿ ಬಿಚ್ಚುವ ಯೋಚನೆಯನ್ನೇ ಬಿಡಿ, ಪಾರ್ಕಿಂಗಿನಲ್ಲಿ ಕಾರೊಳಗೆ ಕೆಲಸ ಮುಗಿಸಿ ಆಮೇಲೆ ನಡೆಯಿರಿ. ಕಾರಿನ ಹೀಟರ್ ಐದು ನಿಮಿಷ ಹಾಕಿದರೆ ಸಾಕು, ಆಮೇಲೆ ಇಂಜಿನ್ ಆರಿಸಿ. ಬಸ್ಸಲ್ಲಿ ಹೋಗುವವರಾದರೆ ಬೊಟಾನಿಕಲ್ ಗಾರ್ಡನ್ನಿಗೆ ಮಧ್ಯಾಹ್ನ ಹೋಗಿ, ಬಿಸಿಲು ಬೀಳುವ, ಗಾಳಿ ತಡೆಯುವ ಗೋಡೆ ಪಕ್ಕ ಜಾಗ ಹುಡುಕಿ. ಒಬ್ಬರು ಶಾಲು ಹಿಡಿದು ಗಾಳಿಗೆ ಅಡ್ಡ ನಿಲ್ಲಬೇಕು. ನಮ್ಮಲ್ಲಿ ಈ ಕೆಲಸ ಅತ್ತೆಯವರದು, "ಬೇಗ ಬೇಗ, ಶೀತ ಆಗತ್ತೆ ಮಗೂಗೆ" ಅಂತ ಹೇಳುತ್ತಲೇ ನಿಂತಿರುತ್ತಿದ್ದರು.

ಬೇಗ ಮುಗಿಯಬೇಕು ಅಂದರೆ ಬಿಚ್ಚುವ ಮುಂಚೆ ಎಲ್ಲಾ ತಯಾರಿರಬೇಕು. ಪ್ಲಾಸ್ಟಿಕ್ ಶೀಟು ಒಂದೇ ಹಾಸಿದರೆ ಐಸ್ ಥರ ತಣ್ಣಗಿರುತ್ತದೆ, ಅದರ ಮೇಲೆ ದಪ್ಪ ಟವೆಲ್ ಹಾಕಿ. ಕುಲಾವಿ ತೆಗೆಯಬೇಡಿ, ಪುಟ್ಟ ಮಕ್ಕಳಿಗೆ ಮೈಗೆ ಹೋಲಿಸಿದರೆ ತಲೆ ದೊಡ್ಡದು, ಅಲ್ಲಿಂದ ಶಾಖ ಹೋಗುತ್ತದೆ. ಮೇಲಿನ ಬಟ್ಟೆ ಬಿಚ್ಚದೆ ಕೆಳಗಿನದನ್ನು ಮಾತ್ರ ಬಿಚ್ಚುವ ಹಾಗಿರಬೇಕು, ಅದಕ್ಕೆ ತಲೆಯಿಂದ ಕಾಲಿನವರೆಗೆ ಒಂದೇ ಆಗಿರುವ ಜಂಪ್‌ಸೂಟ್ ನನಗೆ ಇಷ್ಟವಿಲ್ಲ, ಎಷ್ಟೇ ಮುದ್ದಾಗಿ ಕಂಡರೂ. ಹೊಸ ಡೈಪರನ್ನು ಸ್ವಲ್ಪ ಹೊತ್ತು ನಿಮ್ಮ ಸ್ವೆಟರ್ ಒಳಗೆ ಇಟ್ಟುಕೊಂಡು, ಹಳೆಯದನ್ನು ತೆಗೆಯುವ ಮುಂಚೆಯೇ ಅದರ ಕೆಳಗೆ ಹಾಸಿ. ಕೈ ಉಜ್ಜಿಕೊಂಡು ಬೆಚ್ಚಗಾಗಿಸಿ. ಗಂಡು ಮಗುವಾದರೆ ತಣ್ಣನೆ ಗಾಳಿ ತಾಗಿದ ಕೂಡಲೇ ಕಾರಂಜಿ ಹಾರುವ ಸಾಧ್ಯತೆ ಜಾಸ್ತಿ, ಒಂದು ಹಳೇ ಪಂಚೆ ತುಂಡು ಮುಚ್ಚಿಡಿ.

ವೈಪ್ಸ್ ಕಾರಿನ ಡಿಕ್ಕಿಯಲ್ಲಿ ಬಿದ್ದಿದ್ದರೆ ತಣ್ಣಗಾಗಿ, ತಾಗಿದ ಕೂಡಲೇ ಮಗು ಬೆಚ್ಚಿಬೀಳುತ್ತದೆ. ಅದಕ್ಕಿಂತ ಫ್ಲಾಸ್ಕಿನ ನೀರಿಗೆ ತಣ್ಣೀರು ಬೆರೆಸಿ, ಮಣಿಕಟ್ಟಿನ ಮೇಲೆ ಹಾಕಿ ನೋಡಿ, ಹತ್ತಿಬಟ್ಟೆ ಅದ್ದಿ ಒರೆಸುವುದು ಮೇಲು. ಆಮೇಲೆ ಒಣಬಟ್ಟೆಯಿಂದ ಪೂರ್ತಿ ಒರೆಸಿ, ಒದ್ದೆ ಚರ್ಮಕ್ಕೆ ಚಳಿ ಇನ್ನೂ ಹತ್ತುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಬಾಟಲಿಯಿಂದ ಒಂದು ಹನಿಯೂ ಬೀಳುವುದಿಲ್ಲ. ಅಗಲ ಬಾಯಿಯ ಡಬ್ಬಿಯಲ್ಲಿ ತನ್ನಿ, ಬೆರಳಿಂದ ತೆಗೆದು ಅಂಗೈಯಲ್ಲಿ ಕರಗಿಸಿ ಹಚ್ಚಬಹುದು.

ಬಟ್ಟೆಯ ಲಂಗೋಟಿ ಮನೆಯಲ್ಲಿ ಚೆನ್ನ, ಊಟಿಯಲ್ಲಿ ಒಗೆದದ್ದು ಎರಡು ದಿನವಾದರೂ ಒಣಗುವುದಿಲ್ಲ. ಡೈಪರ್ ಹಾಕಿದ್ದರೆ ಪ್ರತಿ ಸಲ ಉಚ್ಚೆಗೂ ಹೊರಗಡೆ ಬಿಚ್ಚಬೇಕಾಗಿಲ್ಲ, ಡೈಪರ್ ಮುಂಭಾಗದ, ಒದ್ದೆಯಾದರೆ ಬಣ್ಣ ಬದಲಾಗುವ ಗೆರೆ ನೀಲಿಯಾಗಿ, ಮುಟ್ಟಿದರೆ ಭಾರ ಅನ್ನಿಸಿದಾಗ ಬದಲಾಯಿಸಿದರೆ ಸಾಕು. ಕಕ್ಕ ಮಾಡಿದರೆ ಮಾತ್ರ ತಡ ಮಾಡಬೇಡಿ.

ಕೊಳಕಾದದ್ದನ್ನು ದಯವಿಟ್ಟು ರಸ್ತೆ ಬದಿಗೆ ಎಸೆಯಬೇಡಿ. ಘಾಟಿಯ ತಿರುವುಗಳಲ್ಲಿ ಬಿದ್ದಿರುವುದನ್ನು ನೋಡಿದರೆ ಸಿಟ್ಟು ಬರುತ್ತದೆ, ಕೋತಿಗಳು ಎಳೆದಾಡುತ್ತವೆ. ಸುತ್ತಿ, ಅದರ ಪಟ್ಟಿಯಿಂದಲೇ ಅಂಟಿಸಿ, ಮುಚ್ಚಳ ಭದ್ರವಾಗಿರುವ ಡಬ್ಬಿಗೆ ಹಾಕಿದರೆ ವಾಸನೆ ಬರುವುದಿಲ್ಲ, ರೂಮಿನ ಕಸದ ಬುಟ್ಟಿಯವರೆಗೆ ಆರಾಮಾಗಿ ಬರುತ್ತದೆ.

ವಾಪಸ್ ಬರುವಾಗ ಮಧ್ಯಾಹ್ನವೇ ಹೊರಡಿ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ, ತಡವಾದರೆ ಗೂಡಲೂರಿನಲ್ಲೇ ರೂಮು ಹುಡುಕಬೇಕು. ಅಂಥ ರಾತ್ರಿಗೂ ಸಾಲುವಷ್ಟು ಡೈಪರ್ ಬ್ಯಾಗಿನಲ್ಲಿರಲಿ.